ಮೂರನೇ ಸುರಂಗದ ಬೆಳ್ಳಿ

ಬಿಹಿ ಕಲ್ಲು ನೆಕ್ಕಿ ನೋಡುತ್ತಿದ್ದ. ನಮ್ಮೂರು ತಿಝರೀನ್‌ನಲ್ಲಿ ಅವನ ಗುರುತು ಹೇಳಬೇಕಾದರೆ ಎಲ್ಲರೂ ಹೇಳುತ್ತಿದ್ದದ್ದು ಅದನ್ನೇ. ಕುರಿ ಹೊಡೆದುಕೊಂಡು ಗುಡ್ಡ ಹತ್ತಿದವನು ದಾರಿಯಲ್ಲಿ ಒಂದು ಕಲ್ಲೆತ್ತಿ, ತೋಳಿಗೆ ಒರೆಸಿ, ನಾಲಿಗೆ ತಾಗಿಸಿ ಬಿಸಿಲಿಗೆ ಹಿಡಿಯುತ್ತಿದ್ದ. ಒದ್ದೆಯಾದ ಕಲ್ಲು ಬಣ್ಣ ಮುಚ್ಚಿಡುವುದಿಲ್ಲ ಎನ್ನುತ್ತಿದ್ದ. ಹಸಿರು ಕಲೆ ಕಂಡರೆ ತಾಮ್ರ. ತುಕ್ಕಿನ ಕೆಂಪು ಕಂಡರೆ ಅದರ ಕೆಳಗೆ ಏನಾದರೂ ಇರಬಹುದು. ಬೂದು ಗೆರೆ ಕಂಡರೆ ಬೆಳ್ಳಿಯ ಆಸೆ, ಮಾತಿಲ್ಲದೆ ಜೇಬಿಗೆ.

ಇದನ್ನು ಅವನಿಗೆ ಕಲಿಸಿದ್ದು ಅಪ್ಪ. ಅಪ್ಪ ಫ್ರೆಂಚರ ಕಾಲದಿಂದಲೂ ಗಣಿಯಲ್ಲಿ ಇದ್ದವನು. ಫ್ರೆಂಚರು ಹೋದಮೇಲೆ ಸರಕಾರದವರು ಸ್ವಲ್ಪ ಕಾಲ ನಡೆಸಿ, ಬಿಹಿಗೆ ಹನ್ನೊಂದು ತುಂಬಿದ ವರ್ಷ ಗಣಿ ಮುಚ್ಚಿದರು. ಅಪ್ಪ ಇನ್ನೆರಡು ವರ್ಷ ಗೋಡೆಗೊರಗಿ ಕೂತು ಕೆಮ್ಮಿದ. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಕೂತಲ್ಲೇ ಸತ್ತ. ಗಣಿ ಕಾಲೋನಿಯ ತಗಡು, ಬಾಗಿಲು, ಕಿಟಕಿಯ ಸರಳುಗಳನ್ನು ಜನ ಕಿತ್ತುಕೊಂಡು ಹೋದರು. ಗಂಡಸರು ಕಾಸಾಬ್ಲಾಂಕಾದ ಕಿರಾಣಿ ಅಂಗಡಿಗಳಿಗೆ ಹೋದರು, ಕೆಲವರು ಫ್ರಾನ್ಸಿಗೆ. ಬಿಹಿ ಮಾತ್ರ ಹೋಗಲಿಲ್ಲ. ನಾನು ಕೇಳಿದರೆ, "ಅಲ್ಲಿ ನೆಕ್ಕೋಕೆ ಏನಿದೆ, ಟಾರು ರಸ್ತೆ?" ಎಂದು ನಗುತ್ತಿದ್ದ.

ಊರ ಮೇಲೆ ಮೂರು ಗುಡ್ಡಗಳಿವೆ. ಅವುಗಳಲ್ಲಿ ಎಷ್ಟು ಹಳೆಯ ತೂತುಗಳಿವೆಯೋ ಯಾರಿಗೂ ಗೊತ್ತಿಲ್ಲ. ಯಾರು ತೋಡಿದ್ದೆಂದು ಕೇಳಿದರೆ ಮುದುಕರು ಪೋರ್ಚುಗೀಸರು ಎನ್ನುತ್ತಾರೆ. ಪೋರ್ಚುಗೀಸರು ಈ ಕಡೆ ಬಂದೇ ಇರಲಿಲ್ಲವಂತೆ. ಆದರೂ ಯಾರು ಮಾಡಿದ್ದೆಂದು ಗೊತ್ತಿಲ್ಲದ ಎಲ್ಲವನ್ನೂ ನಾವು ಅವರ ತಲೆಗೇ ಕಟ್ಟುತ್ತೇವೆ.

ಬಿಹಿಗೆ ನಲವತ್ತೆರಡಾದಾಗ ಕಂಪನಿ ಬಂತು. ಹೊರದೇಶದ ಕಂಪನಿ. ಯಾರದೋ ಕೈಯಿಂದ ಯಾರೋ ಕೊಂಡು, ಅವರಿಂದ ಇವರು ಕೊಂಡ ಕಾಗದಗಳಲ್ಲಿ ನಮ್ಮ ಮೂರೂ ಗುಡ್ಡಗಳಿದ್ದವು. ಅವರ ನಕ್ಷೆಯಲ್ಲಿ ಒಂದು ಚಿನ್ನದ್ದು, ಒಂದು ಬೆಳ್ಳಿಯದು, ಒಂದು ತಾಮ್ರದ್ದು. ಗಣಿ ತೋಡಲು ಬಂದವರಲ್ಲ ಅವರು; ತೋಡಿದರೆ ಸಿಗುತ್ತದೆಯೇ ಎಂದು ನೋಡಲು ಬಂದವರು. ಊರಿನ ಇಪ್ಪತ್ತೆರಡು ಜನಕ್ಕೆ ಕೆಲಸ ಸಿಕ್ಕಿತು. ನಾನು, ಎಂದರೆ ಮಸೂದ್, ಬಿಡಾರಕ್ಕೆ ಅಡುಗೆಯವನಾದೆ. ಬಿಹಿ ನನ್ನ ಓರಗೆಯವನು, ಗೋಡೆ ಪಕ್ಕದ ಮನೆಯವನು. ಮುಂದೆ ಹೇಳುವುದರಲ್ಲಿ ಅರ್ಧ ನಾನೇ ಕಂಡದ್ದು. ಉಳಿದರ್ಧ ಅವನು ಹೇಳಿದ್ದು, ನನ್ನನ್ನು ಬಿಟ್ಟರೆ ಅವನೊಡನೆ ಮಾತಾಡುವವರೇ ಇಲ್ಲದ ವರ್ಷಗಳಲ್ಲಿ.

ಕಂಪನಿಯ ಭೂವಿಜ್ಞಾನಿ ವಿದಾದ್, ರಬಾತಿನ ಹೆಣ್ಣುಮಗಳು, ಮೂವತ್ತು ದಾಟಿರಲಿಲ್ಲ. ಮೊದಲ ವಾರದಲ್ಲೇ ಅವಳಿಗೆ ಬಿಹಿಯ ಬೆಲೆ ಗೊತ್ತಾಯಿತು. ನಕ್ಷೆಯಲ್ಲಿ ಇಲ್ಲದ ಸುರಂಗಗಳನ್ನು ಅವನು ತೋರಿಸಿದ. ಕಲ್ಲಿನ ಮಾದರಿ ತೆಗೆಯುವ ಕೆಲಸವನ್ನು ಅವಳು ಅವನಿಗೇ ಒಪ್ಪಿಸಿದಳು. ಉಳಿ ಸುತ್ತಿಗೆಯಿಂದ ಬಂಡೆಯಲ್ಲಿ ಸಣ್ಣ ಕಾಲುವೆ ಹಾಗೆ ಗೆರೆ ಕೊರೆಯಬೇಕು, ಬಿದ್ದ ಚೂರನ್ನೆಲ್ಲ ಬಟ್ಟೆಯ ಚೀಲಕ್ಕೆ ತುಂಬಬೇಕು, ನಂಬರ್ ಬರೆಯಬೇಕು. ಓದು ಬರದ ಬಿಹಿ ಅಂಕಿಗಳನ್ನು ಒಂದೇ ವಾರದಲ್ಲಿ ಕಲಿತ. ಚೀಲ ಹೊರುವವನು ಅದ್ದಿ, ಬಿಹಿಯ ಹೆಂಡತಿ ಇಜ್ಜಾಳ ಒಬ್ಬನೇ ತಮ್ಮ. ಕಾಸಾಬ್ಲಾಂಕಾದ ಅಂಗಡಿಯೊಂದರಲ್ಲಿ ಆರು ವರ್ಷ ಕೌಂಟರಿನ ಕೆಳಗೆ ಮಲಗಿದ್ದವನು, ಊರಲ್ಲಿ ಕೆಲಸವಿದೆ ಎಂದು ಕೇಳಿದ ದಿನವೇ ಬಸ್ಸು ಹತ್ತಿದ್ದ.

ಮಧ್ಯಾಹ್ನ ನನ್ನ ಬೇಳೆಯ ಪಾತ್ರೆಯ ಸುತ್ತ ಕೂತಾಗ ಇವರಿಬ್ಬರದೇ ತಮಾಷೆ.

"ದಾದ್ದಾ, ಇವತ್ತು ಯಾವ ಕಲ್ಲು ರುಚಿಯಾಗಿತ್ತು?" ಅದ್ದಿ ಕೇಳುವನು. ಭಾವನನ್ನು ಅವನು ಅಣ್ಣ ಎನ್ನುವ ಹಾಗೆ ದಾದ್ದಾ ಎಂದೇ ಕರೆಯುತ್ತಿದ್ದ.

"ನಿನ್ನ ತಲೆ ನೆಕ್ಕಿ ನೋಡ್ಬೇಕು. ಒಳಗೇನೂ ಇಲ್ಲ ಅಂತ ಹೊರಗಿಂದಾನೇ ಗೊತ್ತಾಗುತ್ತೆ."

"ಟೊಳ್ಳಿದ್ರೆ ಒಳ್ಳೇದೇ ಅಲ್ವಾ? ಕಂಪನಿಯವರು ಅದಕ್ಕೂ ಒಂದು ನಂಬರ್ ಹಾಕಿ ಸುರಂಗ ಅಂತಾರೆ."

ರೊಟ್ಟಿ ಗಂಟಲಿಗೆ ಸಿಕ್ಕಿ ಕೆಮ್ಮುವಷ್ಟು ನಗುತ್ತಿದ್ದೆವು.

ಒಂಬತ್ತು ತಿಂಗಳಾದಮೇಲೆ ನಗು ನಿಂತಿತು. ಒಂದು ದಿನ ವಿದಾದ್ ಊಟಕ್ಕೆ ನಮ್ಮ ಜೊತೆಯೇ ಕೂತು, ತಟ್ಟೆ ಮುಟ್ಟದೆ ಹೇಳಿದಳು. "ಚಿನ್ನದ ಗುಡ್ಡದಲ್ಲಿ ಚಿನ್ನ ಇಲ್ಲ. ತಾಮ್ರ ಇದೆ, ಆದ್ರೆ ತೆಗೆದ್ರೆ ಗಿಟ್ಟೋಷ್ಟಿಲ್ಲ. ಬೆಳ್ಳಿ ಗುಡ್ಡದ ಮಾದರಿ ಇನ್ನೊಂದು ಕಂತು ಕಳಿಸೋಣ. ಅದೂ ಹೀಗೇ ಬಂದ್ರೆ, ಕುರಿ ಕಡಿಯೋ ದೊಡ್ಡ ಹಬ್ಬದ ಮುಂಚೆ ಬಿಡಾರ ಕಿತ್ತುಬಿಡಿ ಅಂತಿದಾರೆ."

ಅದ್ದಿ, "ನನ್ನ ಕೌಂಟರ್ ಇನ್ನೂ ಖಾಲಿ ಇರುತ್ತೆ ಬಿಡಿ, ಅದರ ಕೆಳಗೆ ನನ್ನಷ್ಟು ಮಡಚ್ಕೊಂಡು ಮಲಗೋನು ಬೇರೆ ಸಿಗಲ್ಲ," ಎಂದ. ಹೇಳುತ್ತ ಎದ್ದುಹೋದ. ಅವನ ಕಣ್ಣು ತುಂಬಿದ್ದನ್ನು ಬಿಹಿ ನೋಡಿದ.

ಆ ವಾರ ಇಜ್ಜಾ ಪೆಟ್ಟಿಗೆ ತೆಗೆದು ತನ್ನ ಬೆಳ್ಳಿ ಒಡವೆಗಳನ್ನು ಉಜ್ಜುತ್ತಿದ್ದಳು. ಅವಳ ಅಜ್ಜಿಯವು: ಎರಡು ಭುಜಕ್ಕೆ ಸಿಕ್ಕಿಸುವ, ಅಂಗೈಯಗಲದ ಮುಕ್ಕೋನದ ಜೋಡಿ ಪಿನ್ನುಗಳು, ನಡುವೆ ಸರಪಳಿ. ಒಂದರ ಮುಳ್ಳು ಮುರಿದಿತ್ತು.

"ಸಂತೆಗೆ ಹೋದಾಗ ಅಕ್ಕಸಾಲಿಗನ ಹತ್ರ ಕೊಟ್ಟು ಬಾ," ಎಂದು ಅದನ್ನು ಬಿಚ್ಚಿ ಗಂಡನ ಕೈಗಿಟ್ಟಳು. "ಅದ್ದಿ ಮದುವೆಗೆ ಹಾಕ್ಕೋಬೇಕು."

ಬಿಹಿ ಅದನ್ನು ಅಕ್ಕಸಾಲಿಗನಿಗೆ ಕೊಡಲಿಲ್ಲ. ಫ್ರೆಂಚರು ಸಿಡಿಮದ್ದು ಇಡುತ್ತಿದ್ದ ಪಾಳು ಮನೆಯೊಂದು ಬೆಳ್ಳಿ ಗುಡ್ಡದ ಬುಡದಲ್ಲಿತ್ತು. ಹಾಡಹಗಲಲ್ಲಿ, ಉಳಿದವರು ಚಹಾ ಕುಡಿಯುವ ಹೊತ್ತಲ್ಲಿ, ಅದರೊಳಗೆ ಕೂತು ಒಡವೆಗೆ ಅರ ಹಾಕಿ ಉಜ್ಜಿದ. ಒಂದು ಚೀಲ ಕಲ್ಲಿಗೆ ಉಗುರಿನ ಮೇಲೆ ನಿಲ್ಲುವಷ್ಟು ಪುಡಿ ಸಾಕಿತ್ತು. ಆ ಗುಡ್ಡದ ಮೂರನೇ ಸುರಂಗದಿಂದ ತಂದ ನಲವತ್ತು ಚೀಲಗಳಿಗೆ ಹಾಗೆ ಬೆರೆಸಿದ. "ಮೊದಲ್ನೇ ಸಲ ಅರ ಎಳೆದಾಗ ಹಲ್ಲು ಜುಮ್ ಅಂತು ಮಸೂದ್," ಎಂದು ಹೇಳಿದ್ದಾನೆ ನನಗೆ. "ಆಮೇಲಾಮೇಲೆ ಏನೂ ಅನ್ನಿಸ್ಲಿಲ್ಲ. ಒಂದು ವರ್ಷ ತಳ್ಳಿದ್ರೆ ಸಾಕು, ಅಷ್ಟರಲ್ಲಿ ನಿಜವಾದ್ದು ಸಿಗುತ್ತೆ ಅಂದ್ಕೊಂಡೆ. ಗುಡ್ಡದಲ್ಲಿ ಇದೆ ಅಂತ ನಂಗೆ ನಂಬಿಕೆ ಇತ್ತು."

ಐದು ವಾರಕ್ಕೆ ಉತ್ತರ ಬಂತು. ವಿದಾದ್ ಗಾಡಿ ನಿಲ್ಲುವ ಮುಂಚೆಯೇ ಹಾರಿ ಇಳಿದು ಓಡಿ ಬಂದಳು. ಟನ್ನಿಗೆ ಆರುನೂರು ಗ್ರಾಂ ಬೆಳ್ಳಿ, ಕೆಲವದರಲ್ಲಿ ಒಂಬೈನೂರು. ಬಿಹಿಯ ಎರಡೂ ಕೈ ಹಿಡಿದು, ಹೆಸರಿಗೆ ಮರ್ಯಾದೆಯ 'ಸಿ' ಸೇರಿಸಿ, "ಸಿ ಬಿಹಿ, ನಿಮ್ಮ ನಾಲಿಗೆ ಗೆದ್ದುಬಿಡ್ತು!" ಎಂದಳು. ಎರಡು ಕುರಿ ಕಡಿಸಿದರು, ಇಡೀ ಊರಿಗೆ ನಾನು ಅಡುಗೆ ಮಾಡಿದೆ. ಕಂಪನಿಯವರು ತಮ್ಮ ದೇಶದ ಪತ್ರಿಕೆಗಳಲ್ಲಿ ಸುದ್ದಿ ಹಾಕಿಸಿದರು. ಬಿಡಾರ ಕೀಳುವ ಮಾತು ಹೋಗಿ, ಮೂರನೇ ಸುರಂಗದ ಕುಸಿದ ಭಾಗವನ್ನು ಬಿಡಿಸಿ ಇನ್ನೂ ಒಳಗಿನ ಮಾದರಿ ತನ್ನಿ ಎಂಬ ಆಜ್ಞೆ ಬಂತು.

ಬಿಹಿ ಇದನ್ನು ಎಣಿಸಿರಲಿಲ್ಲ. ಮೇಲಿನಿಂದ ಕೊಳವೆ ಇಳಿಸಿ ಕೊರೆಯುತ್ತಾರೆ ಎಂದುಕೊಂಡಿದ್ದ. ಅಂದೇ ವಿದಾದಳ ಡೇರೆಗೆ ಹೋದ.

"ಲಲ್ಲಾ ವಿದಾದ್, ಆ ಸುರಂಗ ಬೇಡ. ಅದರ ಚಾವಣಿ ಒಳ್ಳೇದಲ್ಲ ಅಂತ ನಮ್ಮಪ್ಪ ಹೇಳ್ತಿದ್ದ. ಅದು ಸದ್ದು ಮಾಡುತ್ತೆ."

"ಮರದ ಆನಿಕೆ ಕೊಡಿಸ್ತೀನಿ. ಎರಡು ಹೆಜ್ಜೆಗೊಂದು. ಮೆಲ್ಲಗೆ ಹೋಗೋಣ."

"ಬೇರೆ ಕಡೆ ನೋಡಬಹುದಲ್ವಾ?"

"ಬೇರೆ ಕಡೆ ಯಾಕೆ? ನೀವೇ ತಂದ ಕಲ್ಲಲ್ವಾ ಇದು?" ಅವಳು ನಕ್ಕಳು.

ಆಗ ಹೇಳಲೆಂದು ಬಾಯಿ ತೆರೆದನಂತೆ. ಹೊರಗೆ ಚಹಾ ಕುಡಿಯುತ್ತಿದ್ದವರ ನಗು ಕೇಳಿಸಿತು. ಅದ್ದಿಯ ಧ್ವನಿ ಎಲ್ಲಕ್ಕಿಂತ ಜೋರಾಗಿತ್ತು. ಬಿಹಿ ಬಾಯಿ ಮುಚ್ಚಿಕೊಂಡು ಹೊರಗೆ ಬಂದ. ತಾನೇ ಮುಂದೆ ಹೋಗುವುದು, ಬೇರೆ ಯಾರನ್ನೂ ತುದಿಗೆ ಬಿಡದಿರುವುದು — ಅಷ್ಟನ್ನು ಮಾತ್ರ ನಿಶ್ಚಯ ಮಾಡಿಕೊಂಡ. ಅದ್ದಿಗೆ ಹೊರಗೆ ಚೀಲ ಜೋಡಿಸುವ ಕೆಲಸ ಕೊಡಿಸಿದ. ಅದ್ದಿ ಎರಡು ದಿನ ಅದನ್ನು ಮಾಡಿ, ಮೂರನೆಯ ದಿನ ಕೈಗಾಡಿ ತಳ್ಳಿಕೊಂಡು ಒಳಗೆ ಬಂದ. "ನನ್ನನ್ನೇನು ಹೆಂಗಸರ ಜೊತೆ ಬಾದಾಮಿ ಒಡೆಯೋಕೆ ಕೂರಿಸ್ದ ಹಾಗೆ ಕೂರಿಸ್ತೀಯಾ?" ಎಂದು ಜಗಳ ಆಡಿದ.

ಹನ್ನೆರಡನೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ನಾನು ಹೊರಗೆ ಚಹಾ ಕಾಯಿಸುತ್ತಿದ್ದೆ. ದೊಡ್ಡ ಸದ್ದೇನೂ ಆಗಲಿಲ್ಲ. ಸುರಂಗದ ಬಾಯಿಂದ ಧೂಳು ಮಾತ್ರ, ಯಾರೋ ಹಿಟ್ಟಿನ ಮೂಟೆ ಕೊಡವಿದ ಹಾಗೆ, ಹೊರಗೆ ಬಂತು.

ಒಳಗೆ ಬಿಹಿ ತುದಿಯಲ್ಲಿ ಉಳಿ ಹಿಡಿದಿದ್ದ. ಅದ್ದಿ ತುಂಬಿದ ಗಾಡಿಯನ್ನು ತಿರುಗಿಸಿ ನಾಲ್ಕು ಹೆಜ್ಜೆ ಇಟ್ಟಿದ್ದ. ಚಾವಣಿ ಬಿದ್ದದ್ದು ಅವನ ಮೇಲೆ. ಬಿಹಿಯ ಎಡಗೈಯ ಮೂರು ಬೆರಳು ಒಂದು ಬಂಡೆಯ ಕೆಳಗೆ ಜಜ್ಜಿಹೋದವು. ಕೈಯನ್ನು ಅವನು ಕಿತ್ತುಕೊಂಡ. ತಲೆದೀಪ ಇನ್ನೂ ಉರಿಯುತ್ತಿತ್ತು. ಕಲ್ಲಿನ ರಾಶಿಯ ಸಂದಿಯಲ್ಲಿ ಅದ್ದಿಯ ತಲೆ, ಒಂದು ತೋಳು ಕಾಣಿಸಿತು. ಎದೆಯಿಂದ ಕೆಳಗೆ ಬರೀ ಕಲ್ಲು. ಬಿಹಿ ಒಂದೇ ಕೈಯಲ್ಲಿ ಸಣ್ಣ ಕಲ್ಲುಗಳನ್ನು ತೆಗೆದ, ದೊಡ್ಡವು ಅಲುಗಲಿಲ್ಲ. ಕೊನೆಗೆ ಅವನ ಕೈ ಹಿಡಿದು ಕೂತ.

"ಬರ್ತಾರೆ," ಎಂದ ಬಿಹಿ. "ಅಗೀತಿದಾರೆ, ಕೇಳಿಸ್ತಿದೆ."

"ನಂಗೆ ಕಾಲು ಇದೆಯೋ ಇಲ್ಲವೋ ಗೊತ್ತಾಗ್ತಿಲ್ಲ ದಾದ್ದಾ."

ಆಗ ಬಿಹಿ ಎಲ್ಲವನ್ನೂ ಹೇಳಿದ. ಮದ್ದಿನ ಮನೆ, ಅರ, ಇಜ್ಜಾಳ ಒಡವೆ. ಇಲ್ಲಿ ಬೆಳ್ಳಿಯೇ ಇಲ್ಲ, ನಾನು ನಿನ್ನನ್ನು ಸುಮ್ಮನೆ ಕೊಂದೆ ಎಂದ.

"ಗೊತ್ತಿತ್ತು," ಎಂದ ಅದ್ದಿ. "ನೀನು ಉಜ್ಜೋದನ್ನ ನೋಡಿದ್ದೆ. ಬಾಗಿಲ ಸಂದೀಲಿ."

"ಯಾಕೋ ಹೇಳ್ಲಿಲ್ಲ?"

"ನಂಗೂ ವಾಪಸ್ ಹೋಗೋದು ಬೇಡವಾಗಿತ್ತು." ಬಿಹಿಯ ಕೈ ಬಿಗಿಯಾಗಿ ಹಿಡಿದು, "ಅಕ್ಕಂಗೆ ಹೇಳ್ಬೇಡ," ಎಂದ.

ಮಧ್ಯಾಹ್ನದ ಪ್ರಾರ್ಥನೆಯ ಕರೆ ಕೇಳುವ ಹೊತ್ತಿಗೆ ಅದ್ದಿಯ ಕೈ ತಣ್ಣಗಾಗಿತ್ತು. ಆ ಕರೆ ಒಳಗೆ ಹೇಗೆ ಕೇಳಿಸಿತೋ ಗೊತ್ತಿಲ್ಲ. ಕೇಳಿಸಿತು ಎನ್ನುತ್ತಿದ್ದ ಬಿಹಿ. ನಾವು ಬಿಹಿಯನ್ನು ಹೊರಗೆ ತೆಗೆದದ್ದು ಮಾರನೆಯ ದಿನ ಸಂಜೆಯಾಗುತ್ತಿದ್ದಾಗ. ಅಷ್ಟು ಹೊತ್ತೂ ಆ ಕೈ ಬಿಟ್ಟಿರಲಿಲ್ಲ. ಬಿಡಿಸಲು ಇಬ್ಬರು ಬೇಕಾಯಿತು.

ಅದ್ದಿಯನ್ನು ಮಣ್ಣು ಮಾಡಿದೆವು. ಅವನ ತಾಯಿ ಯಮ್ನಾ ಮೂರು ದಿನ ನೀರು ಬಿಟ್ಟು ಏನನ್ನೂ ಬಾಯಿಗಿಡಲಿಲ್ಲ. ವಿದಾದ್ ಬಂದು ಅವಳ ಪಕ್ಕದಲ್ಲಿ ಕೂತಿದ್ದು ಹೋದಳು. ಕೆಲಸ ನಿಂತಿತು. ಸುರಂಗದಿಂದ ಹೊರಬಂದ ಕೊನೆಯ ಚೀಲಗಳಲ್ಲಿ ಬೆಳ್ಳಿ ಇರಲಿಲ್ಲ. ವಿದಾದಳಿಗೆ ಅನುಮಾನ ಬಂದು, ಮೊದಲಿನ ಚೀಲಗಳಿಂದ ಎತ್ತಿಟ್ಟಿದ್ದ ಚೂರುಗಳನ್ನು ದೊಡ್ಡ ಭೂತಗನ್ನಡಿಯ ಕೆಳಗೆ ಇಟ್ಟು ನೋಡಿದಳು, ಮತ್ತೆ ಪರೀಕ್ಷೆಗೂ ಕಳಿಸಿದಳು. ತಿಂಗಳಾದಮೇಲೆ ಒಬ್ಬಳೇ ಬಂದು ಬಿಹಿಯನ್ನು ಅವನ ಮನೆಯ ಹೊರಗಿನ ಕಟ್ಟೆಗೆ ಕರೆದಳು. ನಾನು ನನ್ನ ಕಟ್ಟೆಯಲ್ಲೇ ಇದ್ದೆ.

"ಗುಡ್ಡದ ಬೆಳ್ಳಿ ಕಲ್ಲಿಗೆ ಅಂಟಿಕೊಂಡಿರುತ್ತೆ ಸಿ ಬಿಹಿ. ಇದು ಸುರುಳಿ ಸುರುಳಿಯಾಗಿದೆ, ಬಡಗಿ ಹತ್ತರಿ ಹೊಡೆದ ಸಿಪ್ಪೆ ಹಾಗೆ. ಒಂಬತ್ತು ಪಾಲು ಬೆಳ್ಳಿಗೆ ಒಂದು ಪಾಲು ತಾಮ್ರ, ಎಲ್ಲ ಚೀಲದಲ್ಲೂ ಅದೇ ಲೆಕ್ಕ. ಇದು ಗುಡ್ಡದ್ದಲ್ಲ. ಮದುವೆ ಹೆಣ್ಣಿನ ಒಡವೆಯ ಬೆಳ್ಳಿ."

ಬಿಹಿ ಬಟ್ಟೆ ಸುತ್ತಿದ ಕೈ ನೋಡಿಕೊಂಡು ಕೂತಿದ್ದ.

"ಕಂಪನಿಯವರು ಅದ್ದಿ ಹೆಸರು ಬರೆದಿದಾರೆ. ಚೀಲ ಹೊತ್ತೋನು ಅವನೇ ಅಲ್ವಾ. ಸತ್ತೋನು ಬಾಯಿ ಬಿಡಲ್ಲ. ಅವನ ಮೋಸಕ್ಕೆ ಅವನೇ ಹೋದ, ನಮ್ಮ ಹೊಣೆ ಇಲ್ಲ ಅಂತಾರೆ." ಅವಳು ತಲೆ ತಗ್ಗಿಸಿ ಅವನ ಮುಖ ನೋಡಿದಳು. "ಅದ್ದೀನಾ?"

"ಶುಕ್ರವಾರ ಹೇಳ್ತೀನಿ," ಎಂದ ಬಿಹಿ.

ಅಷ್ಟರಲ್ಲೇ ಸುದ್ದಿ ನೀರಿನ ನಲ್ಲಿಯ ಹತ್ತಿರ ತಲುಪಿತ್ತು. ಕೊಡ ತುಂಬುತ್ತಿದ್ದ ಯಮ್ನಾಳಿಗೆ ಯಾರೋ, "ನಿನ್ನ ಮಗ ಊರಿಗೆಲ್ಲ ಸುಳ್ಳು ಬೆಳ್ಳಿ ತಿನ್ನಿಸಿ ಹೋದ್ನಲ್ಲ," ಎಂದರಂತೆ. ಅವಳು ಕೊಡ ಅಲ್ಲೇ ಬಿಟ್ಟು ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಶುಕ್ರವಾರ ಪ್ರಾರ್ಥನೆ ಮುಗಿದು ಗಂಡಸರು ಮಸೀದಿಯ ಅಂಗಳದಲ್ಲಿ ಇನ್ನೂ ಚಪ್ಪಲಿ ಹುಡುಕುತ್ತಿದ್ದಾಗ ಬಿಹಿ ಎದ್ದು ನಿಂತ. ಧ್ವನಿ ಎತ್ತಿ ಮಾತಾಡಿ ಅವನಿಗೆ ಅಭ್ಯಾಸವಿರಲಿಲ್ಲ.

"ಬೆಳ್ಳಿ ಬೆರೆಸಿದ್ದು ನಾನು. ಅದ್ದಿಗೆ ಏನೂ ಗೊತ್ತಿರ್ಲಿಲ್ಲ. ಅವನು ಚೀಲ ಹೊತ್ತ, ಅಷ್ಟೇ. ಅವನ ಹೆಸರು ಹೇಳೋರು ನನ್ನ ಹೆಸರು ಹೇಳಿ."

ಅದ್ದಿಗೆ ಗೊತ್ತಿತ್ತು ಎಂಬುದನ್ನು ಅವನು ಅಂದೂ ಹೇಳಲಿಲ್ಲ, ಮುಂದೆ ನನ್ನನ್ನು ಬಿಟ್ಟು ಊರಿನ ಯಾರಿಗೂ ಹೇಳಲಿಲ್ಲ.

ಯಾರೋ ಅವನ ಅಂಗಿ ಹಿಡಿದರು. ಯಾರೋ ಬಿಡಿಸಿದರು. ಇಪ್ಪತ್ತೆರಡು ಮನೆಯ ಕೆಲಸ, ಒಂದು ಹೆಣ, ಎಲ್ಲವೂ ಒಟ್ಟಿಗೆ ಜನರ ಬಾಯಿಗೆ ಬಂದವು. ಆ ಗದ್ದಲದಲ್ಲಿ ಅಂಗಳದ ಗೋಡೆಯಾಚೆ ನಿಂತಿದ್ದ ಹೆಂಗಸರ ನಡುವಿನಿಂದ ಇಜ್ಜಾ ಒಳಗೆ ಬಂದಳು. ಗಂಡಸರು ದಾರಿ ಬಿಟ್ಟರು.

"ಯಾವ ಬೆಳ್ಳಿ?"

"ನಿಂದೇ."

"ಅಕ್ಕಸಾಲಿಗ ಇನ್ನೂ ಕೊಡ್ಲಿಲ್ವಾ ಅಂತ ಏಳು ಸಂತೆ ಕೇಳಿದ್ನಲ್ಲ ನಿನ್ನ." ಅವಳು ಕೂಗಲಿಲ್ಲ. "ಏಳು ಸಂತೆ. ಮುಂದಿನ ವಾರ ಮುಂದಿನ ವಾರ ಅಂದೆ. ಅದ್ದಿ ಮದುವೆಗೆ ಅಂತ ಹೇಳಿದ್ನೋ ಇಲ್ವೋ?"

ಅವಳು ಅಲ್ಲಿಂದ ನೇರ ತನ್ನ ತಾಯಿಯ ಮನೆಗೆ ನಡೆದಳು. ಬಿಹಿಯ ಮನೆಯಿಂದ ಮೂರನೆಯ ಬಾಗಿಲು ಅದು. ತಲಾಕ್ ಅವನೂ ಕೊಡಲಿಲ್ಲ, ಅವಳೂ ಕೇಳಲಿಲ್ಲ. ಮಾತು ಮಾತ್ರ ಅಂದಿಗೆ ಮುಗಿಯಿತು. ಅವರಿಗೆ ಮಕ್ಕಳಿರಲಿಲ್ಲ.

ಪೊಲೀಸರು ಕರೆದೊಯ್ದರು. ಎಂಟು ತಿಂಗಳು ಒಳಗಿದ್ದು ಬಂದ. ಬಿಡಾರ ಅಷ್ಟರಲ್ಲಿ ಹೋಗಿತ್ತು, ನಾವು ಕೆಲವರು ಕೂಲಿಗೆ ಬೇರೆ ಊರು ಹಿಡಿದಿದ್ದೆವು. ನಾನು ತಿರುಗಿ ಬಂದಾಗ ಅವನು ಗುಡ್ಡದ ಮೇಲಿನ ಹಳೆಯ ತೂತುಗಳ ಬಾಯಿಗೆ ಕಲ್ಲು ಕಟ್ಟುತ್ತಿದ್ದ. ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಹೋಗಿ, ಎರಡು ಬೆರಳುಳಿದ ಎಡಗೈಯಲ್ಲಿ ಕಲ್ಲನ್ನು ಎದೆಗೊತ್ತಿಕೊಂಡು ಬಂದು, ಒಂದರ ಮೇಲೊಂದು ಇಡುತ್ತಿದ್ದ. ಮೊದಲು ಮುಚ್ಚಿದ್ದು ಮೂರನೇ ಸುರಂಗವನ್ನು. ಒಂದೊಂದಕ್ಕೆ ತಿಂಗಳು ಹಿಡಿಯಿತು. ಅಪ್ಪನ ಹಾಗೆ ಅವನಿಗೂ ಕೆಮ್ಮು ಹತ್ತಿತ್ತು. ಊರವರು ಅವನಿಗೆ ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ಅವನು ಬಂದರೆ ಎದ್ದುಹೋಗುತ್ತಿದ್ದರು. ಚಹಾ ಕುಡಿಯಲು ನನ್ನ ಮನೆಗೆ ಬರುತ್ತಿದ್ದ. ಅವನು ಕುಡಿದ ಲೋಟವನ್ನು ನನ್ನ ಹೆಂಡತಿ ಬೇರೆ ಇಡುತ್ತಿದ್ದಳು. ಅವನಿಗೆ ಅದು ಗೊತ್ತಿತ್ತು. ತಾನೇ ಹೋಗಿ ಆ ಗೂಡಿನಿಂದ ಅದನ್ನು ತೆಗೆದುಕೊಳ್ಳುತ್ತಿದ್ದ.

ಒಂಬತ್ತು ವರ್ಷದ ಮೇಲೆ ಇನ್ನೊಂದು ಕಂಪನಿ ಬಂತು. ಕಾಗದ ಮತ್ತೆರಡು ಕೈ ದಾಟಿತ್ತು, ಮೋಸದ ಮಾತು ದಾರಿಯಲ್ಲೇ ಉದುರಿಹೋಗಿತ್ತು. ಅವರ ಎಳೆಯ ಇಂಜಿನಿಯರ್ ಗಾಡಿಯ ಮುಂಭಾಗದ ಮೇಲೆ ನಕ್ಷೆ ಹಾಸಿದ. ಮೂರನೇ ಸುರಂಗದ ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ ಬರೆದಿತ್ತು: ಬೆಳ್ಳಿ, ಟನ್ನಿಗೆ ಆರುನೂರರಿಂದ ಒಂಬೈನೂರು ಗ್ರಾಂ. ಅಂಕಿ ಓದಲು ಬಿಹಿಗೆ ಬರುತ್ತಿತ್ತು.

"ಇದು ಸುಳ್ಳು," ಎಂದ.

"ಯಾರು ಹೇಳಿದ್ದು?"

"ನಾನು ಹೇಳ್ತಿದೀನಿ. ನಾನೇ ಹಾಕಿದ್ದು."

ಇಂಜಿನಿಯರ್ ಅವನ ಹರಕು ಅಂಗಿ, ಕೈ, ಕೆಮ್ಮು ನೋಡಿದ. "ತಾತ, ಇದು ದೊಡ್ಡ ಪ್ರಯೋಗಾಲಯದ ವರದಿ. ನಾವು ಬಂದಿರೋದೇ ಈ ನಂಬರ್ ನೋಡಿ," ಎಂದು ನಗುತ್ತ ಒಂದು ಸಿಗರೇಟು ಕೊಟ್ಟ. ಮಾರನೆಯ ದಿನ ಅವನ ಜನ ಸುರಂಗದ ಬಾಯಿಯ ಗೋಡೆ ಬಿಚ್ಚತೊಡಗಿದರು. ಬಿಹಿ ಹೋಗಿ ಕಲ್ಲಿನ ಮುಂದೆ ಕೂತ. ಇಬ್ಬರು ಅವನನ್ನು ಎತ್ತಿ ಪಕ್ಕಕ್ಕೆ ಇಟ್ಟರು. ಮತ್ತೆ ಬಂದು ಕೂತ. ಮೂರನೆಯ ಸಲ ಎತ್ತಿದಾಗ ಕೆಮ್ಮು ಹತ್ತಿ ಏಳಲಾಗಲಿಲ್ಲ.

ನಾನು ಓಡಿ ಬಂದು ಇಜ್ಜಾಳ ಬಾಗಿಲು ತಟ್ಟಿದೆ. ಯಾಕೆ ಅವಳ ಬಾಗಿಲನ್ನೇ ತಟ್ಟಿದೆನೋ ಗೊತ್ತಿಲ್ಲ. ಹಿಟ್ಟಿನ ಕೈ ಒರೆಸಿಕೊಂಡು ಬಂದವಳಿಗೆ, ಸುರಂಗ ತೆರೆಯುತ್ತಿದ್ದಾರೆ ಎಂದೆ. ಅವಳು ಚಪ್ಪಲಿಯನ್ನೂ ಮೆಟ್ಟದೆ ಗುಡ್ಡ ಹತ್ತಿದಳು.

ನೆಲದ ಮೇಲೆ ಬಿದ್ದಿದ್ದ ಬಿಹಿಯನ್ನು ಅವಳು ನೋಡಲಿಲ್ಲ. ಇಂಜಿನಿಯರನ ಎದುರು ನಿಂತು, "ನಿನ್ನ ಕಾಗದದಲ್ಲಿ ಬರೆದಿರೋ ಬೆಳ್ಳಿ ನಂದು," ಎಂದಳು. "ನಮ್ಮಜ್ಜಿ ಒಡವೆ. ಇವನು ಅರ ಹಾಕಿ ಕಲ್ಲಿಗೆ ಬೆರೆಸಿದ. ಅದನ್ನ ನಂಬಿ ಒಳಗೆ ಹೋದ ನನ್ನ ತಮ್ಮ ಅಲ್ಲಿ ಸತ್ತ. ನೀನು ಇನ್ನು ಯಾರ ತಮ್ಮನ್ನ ಕಳಿಸ್ತೀಯಾ? ನಿಂಗೆ ತಮ್ಮ ಇದಾನಾ? ಕರೆಸು, ಮೊದಲು ಅವನು ಹೋಗ್ಲಿ."

ಕಲ್ಲು ಬಿಚ್ಚುತ್ತಿದ್ದವರು ನಮ್ಮ ಊರಿನವರೇ. ಅವರು ಹಾರೆ ಕೆಳಗಿಟ್ಟರು. ಇಂಜಿನಿಯರ್ ನಗಲಿಲ್ಲ. ಪುಸ್ತಕ ತೆಗೆದು ಅವಳ ಹೆಸರು, ಅದ್ದಿಯ ಹೆಸರು, ವರ್ಷ, ಎಲ್ಲ ಕೇಳಿ ಬರೆದುಕೊಂಡ. ವಾರದೊಳಗೆ ಮೂರನೇ ಸುರಂಗದ ಕೆಲಸ ಬಿಟ್ಟರು. ತಾಮ್ರದ ಗುಡ್ಡದಲ್ಲಿ ಮೇಲಿನಿಂದ ನಾಲ್ಕು ತೂತು ಕೊರೆದು ನೋಡಿ, ಬೇಸಗೆ ಬರುವ ಮುಂಚೆ ಅವರೂ ಹೋದರು.

ಬಿಹಿ ಆ ಚಳಿಗಾಲ ಗೋಡೆಗೊರಗಿ ಕೂತೇ ಕಳೆದ, ಅವನ ಅಪ್ಪನ ಹಾಗೆ. ನಾನು ಗಂಜಿ ಒಯ್ಯುತ್ತಿದ್ದೆ. ಇಜ್ಜಾ ಒಮ್ಮೆಯೂ ಬರಲಿಲ್ಲ. ಒಂದು ಸಲ ಅವನೇ, "ಅವಳು ಅವತ್ತು ಏನೇನು ಅಂದ್ಳು, ಇನ್ನೊಂದ್ಸಲ ಹೇಳು," ಎಂದ. ಹೇಳಿದೆ. ಕಣ್ಣು ಮುಚ್ಚಿಕೊಂಡು ಕೇಳಿದ.

ಅವನು ಸತ್ತ ಬೆಳಿಗ್ಗೆ ಹೆಣ ತೊಳೆಯಲು ಮಸೀದಿಯಿಂದ ಇಬ್ಬರು ಬಂದರು. ಇಜ್ಜಾ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಬಿಸಿನೀರಿನ ಪಾತ್ರೆ.

"ನಾನೇ ತೊಳೀತೀನಿ. ಇನ್ನೂ ನನ್ನ ಗಂಡನೇ ಅವನು."

ಬೇಡವೆನ್ನಲು ಅವರಿಗೆ ಆಗಲಿಲ್ಲ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಹಳ ಹೊತ್ತು ನೀರಿನ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಹೊರಗೆ ಬಂದಾಗ ಅವಳ ಕಣ್ಣು ಒಣಗಿತ್ತು. "ತಗೊಂಡು ಹೋಗಿ," ಎಂದಳು.

ಅದ್ದಿಯ ಸಾಲಿನಲ್ಲಿ ಅವನನ್ನು ಇಡಬಾರದು ಎಂದು ಯಮ್ನಾ ಹೇಳಿ ಕಳಿಸಿದ್ದಳು. ಮಸೀದಿಯ ಹಿಂದಿನ ಕೆಳಗೋಡೆಯ ಹತ್ತಿರ ಗುಂಡಿ ತೋಡಿದೆವು. ನೆಲ ಕಲ್ಲು, ಮಧ್ಯಾಹ್ನದವರೆಗೂ ಹಿಡಿಯಿತು. ತೋಡಲು ಬಂದವರು ನಾವು ಐದು ಜನ.